ರಾಫ್ಟಿನಲ್ಲಿ ಮೂರನೇ ಕೈ

೧೦ ನವೆಂಬರ್ ೨೦೨೪, ಭಾನುವಾರ. ದಾಂಡೇಲಿ, ಡೇರೆಯೊಳಗೆ.

ಶಾಂಭವಿ ಮಾತು ಬಿಟ್ಟಿದ್ದಾಳೆ. ಆಳಂದದಿಂದ ಮೂರು ಸಂಸಾರ ಕೂಡಿ ಬಂದೆವು. ಹೆಂಡತಿಯ ಸಿಟ್ಟು ನನ್ನೊಬ್ಬನ ಪಾಲಿಗೆ.

ಬೆಳಿಗ್ಗೆ ಕಾಳಿ ನದಿಯಲ್ಲಿ ರಾಫ್ಟ್ ಎಗರಿತು, ಅವಳು ನೀರಿಗೆ ಬಿದ್ದಳು. ನನ್ನ ಒಂದು ಕೈ ಕೊರಳ ಲಿಂಗವನ್ನು ಹಿಡಿದಿತ್ತು, ಇನ್ನೊಂದು ರಾಫ್ಟಿನ ಹಗ್ಗವನ್ನು. ಮೂರನೇ ಕೈ ಶಿವ ಕೊಟ್ಟಿಲ್ಲ. ಗೆಳೆಯ ಅನೀಲಕುಮಾರ ಅವಳನ್ನು ಎಳೆದು ಹತ್ತಿಸಿದ.

ದಂಡೆಯಲ್ಲಿ ಇದೇ ವಾದ ಮಂಡಿಸಿದೆ. ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು.

"ಲಿಂಗ ಹಿಡಿದಿದ್ದಕ್ಕ ನಂದೇನು ತಕರಾರಿಲ್ರಿ. ಹಗ್ಗ ಯಾಕ ಬಿಡಲಿಲ್ಲ?"

"ಗೈಡ್ ಬಿಡಬ್ಯಾಡ್ರಿ ಅಂದಿದ್ದ."

"ಲಗ್ನದಾಗ ಸ್ವಾಮಿಗಳೂ ಹಂಗ ಅಂದಿದ್ರು, ಕೈ ಬಿಡಬ್ಯಾಡ ಅಂತ."

ಅಂಜಿದ್ದೆ ಎಂದಿದ್ದರೆ ಮುಗಿಯುತ್ತಿತ್ತು. ನಗಿಸುವವನ ಬಾಯಿಗೆ ಆ ಮಾತು ಬರಲಿಲ್ಲ. ಮೈಯೆಲ್ಲ ನೋವು. ಹೆಂಗಸರ ಡೇರೆಯಲ್ಲಿ ಅವಳು ಕೆಮ್ಮುತ್ತಿದ್ದಾಳೆ. ನಾಳೆಯವರೆಗೆ ಯಾಕೆ ಕಾಯಲಿ, ಈಗಲೇ ಎದ್ದು ಹೋಗಿ ಅಂಜಿದ್ದೆ ಎಂದು ಹೇಳಿಬಿಡುತ್ತೇನೆ.