ಉಮಾಕಾಂತನಿಗೊಂದು ತವರು

ಜುಲೈ ೩೮, ೨೧೮೭
ಕೊಪ್ಪಳದ ಬಿಸಿಲುಹೊಲ

ಮದುವೆಯಾಯಿತು ವನಮಾಲಜ್ಜೀ, ನನ್ನ ಮದುವೆಯಾಯಿತು, ಅದೂ ನಿಮ್ಮ ವಂಶದ ಹುಡುಗನ ಜೊತೆ! ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮಳೆ ಬಂದು ನೆಲ ನೆನೆಯುವವರೆಗೂ ಜುಲೈ ಮುಗಿಯುವುದಿಲ್ಲ. ನಾನು ಹುಟ್ಟಿದ ವರ್ಷ ಅದು ಅರವತ್ತು ದಾಟಿತ್ತಂತೆ. ಇನ್ನು ನನ್ನ ಕನ್ನಡ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್ಮಿನಲ್ಲಿ, ಕನ್ನಡ ಕಲಿತದ್ದು ಅಡುಗೆಮನೆಯಲ್ಲಿ. ವಿಚಿತ್ರವಾಗಿ ಕೇಳಿಸಿದ ಮಾತನ್ನೆಲ್ಲ ಹೊಸ ಸೊಸೆಯ ಸಾರಿನಂತೆ ಸುಮ್ಮನೆ ನುಂಗಿಬಿಡಿ. ನಿಮಗೀಗ ಮೂವತ್ತೂ ತುಂಬಿರಲಾರದು, ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ಆರು ತಲೆಮಾರು ಈಚೆ ನಿಂತು ನೋಡಿದರೆ ಎಲ್ಲರೂ ಅಜ್ಜಿಯರೇ. ಇದು ಹಿಂದಂಚೆಯ ಕಾಗದ. ಹೊಸದಾಗಿ ಮದುವೆಯಾದ ಹೆಣ್ಣು ಗಂಡಿನ ಹಿರಿಯರೊಬ್ಬರಿಗೆ, ಗಂಡು ಹೆಣ್ಣಿನ ಹಿರಿಯರೊಬ್ಬರಿಗೆ, ಹಿಂದಿನ ಕಾಲಕ್ಕೆ ಬರೆಯುವುದು ನಮ್ಮ ಪದ್ಧತಿ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು. ಅಂಚೆಯವರು ಮುದ್ರೆಯನ್ನಂತೂ ತಲುಪಿಯೇ ತೀರುತ್ತದೆ ಎಂಬಷ್ಟು ಜೋರಾಗಿ ಒತ್ತುತ್ತಾರೆ.

ನನ್ನ ಹೆಸರು ಪಾರವ್ವ. ಹಳೆಯ ಹೆಸರುಗಳೇ ಈಗ ಫ್ಯಾಷನ್. ಬಿಸಿಲುಹೊಲ ಎಂದರೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಯಾನೆಲ್ಲುಗಳು, ಅವುಗಳ ನೆರಳಿನಲ್ಲಿ ನಮ್ಮ ಮೆಂತ್ಯ, ಬದನೆ, ನಮ್ಮ ಮನೆಗಳು. ಸೂರ್ಯ ಏಳುವ ಮೊದಲು ಧೂಳೊರೆಸುವುದು ನಮ್ಮ ಕೆಲಸ. ಉಮಾಕಾಂತ ಬಂದದ್ದು ಗಾಡಿಮನೆಯಲ್ಲಿ. ಅಂಕೋಲೆಯ ನಿಮ್ಮ ಕೇರಿಯನ್ನು ಸಮುದ್ರ ತೆಗೆದುಕೊಂಡ ಮೇಲೆ ನಿಮ್ಮ ಮೊಮ್ಮಕ್ಕಳು ಹಳಿ ರಿಪೇರಿಯ ಕೆಲಸಕ್ಕೆ ಸೇರಿ, ರೈಲು ಡಬ್ಬಿಯನ್ನೇ ಮನೆ ಮಾಡಿಕೊಂಡರು. ಹಳಿ ಎಲ್ಲಿ ಕೆಟ್ಟಿತೋ ಅಲ್ಲಿಗೆ ಮನೆಯೂ ಹೋಗುತ್ತದೆ. ಉಮಾಕಾಂತನೂ ಅವನ ತಾಯಿಯೂ ಇದ್ದ ಅಂಥ ಒಂದು ಡಬ್ಬಿ ನಮ್ಮ ಹೊಲದ ಪಕ್ಕ ನಿಂತಿತು, ಅವನು ಉಪ್ಪಿನಕಾಯಿ ಕೇಳಲು ಬಂದ, ಉಪ್ಪಿನಕಾಯಿ ಮುಗಿಯುವ ಮೊದಲೇ ಮತ್ತೆ ಕೇಳಲು ಬಂದ! ನಕ್ಕರೆ ಅವನ ಕಿವಿ ಕೆಂಪಾಗುತ್ತದೆ. ಇದು ನಿಮ್ಮಿಂದ ಬಂದದ್ದೇ? ಅಲುಗದ ಮನೆಯಲ್ಲಿ ಅವನಿಗೆ ನಿದ್ದೆ ಹತ್ತುವುದಿಲ್ಲ. ತೊಟ್ಟಿಲು ತೂಗಿದ ಹಾಗೆ ನಾನೇ ಮಂಚವನ್ನು ಕಾಲಿನಿಂದ ಅಲುಗಿಸುತ್ತಿರಬೇಕು.

ಈಗ ಪಂಚಮಿ ಬರುತ್ತಿದೆ. ನಿಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಮಾತ್ರ ತವರಿಗೆ ಹೋಗುತ್ತಿದ್ದರಂತೆ. ನಮ್ಮಲ್ಲಿ ಮದುವೆಯಾದವರು ಗಂಡಾಗಲಿ ಹೆಣ್ಣಾಗಲಿ ಬೇರೆ ಮನೆ ಹೂಡುತ್ತಾರೆ, ಆದ್ದರಿಂದ ಇಬ್ಬರಿಗೂ ತವರಿದೆ. ಮೊದಲ ಪಂಚಮಿಗೆ ಇಬ್ಬರೂ ತಂತಮ್ಮ ತವರಿಗೆ ಹೋಗಿ, ಉಂಡಿ ತಿಂದು, ಜೋಕಾಲಿ ಆಡಿ, ಉಡಿ ತುಂಬಿಸಿಕೊಂಡು ಬರಬೇಕು. ಹೆಂಗಸರಿಗೆ ಸೆರಗಿನಲ್ಲಿ, ಗಂಡಸರಿಗೆ ಶಾಲಿನಲ್ಲಿ, ಅಕ್ಕಿ ಮತ್ತು ಕಾಯಿ. ತವರಿಲ್ಲದವರು ಖಾಲಿಯಾದ ವಸತಿಯಲ್ಲಿ ಉಳಿಯುತ್ತಾರೆ. ಊರೂರು ಅಲೆಯುವ ಗಾಡಿಮನೆ ತವರಿನ ಲೆಕ್ಕಕ್ಕೆ ಬರುವುದಿಲ್ಲ. ಉಮಾಕಾಂತ ನಗುತ್ತಲೇ, “ಯಾರಾದ್ರೂ ಒಬ್ರು ರೈಲಿಗೆ ಬಾವುಟ ತೋರಿಸ್ಬೇಕಲ್ಲ ಮಾರಾಯ್ತಿ. ನೀ ಹೋಗಿ ಬಾ, ನಾ ತೋರಿಸ್ತೆ” ಎಂದ. ಅದೇ ಸಂಜೆ ಅವನು ಒಳ್ಳೆಯ ಅಂಗಿಯೊಂದನ್ನು ಚೀಲಕ್ಕೆ ಮಡಿಸಿಟ್ಟು, ಸ್ವಲ್ಪ ಹೊತ್ತು ನಿಂತು, ಮತ್ತೆ ತೆಗೆದು ಗೂಟಕ್ಕೆ ಹಾಕಿದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದೆ.

ನನಗೆ ಇದು ಸುಲಭದ ಲೆಕ್ಕವೆನಿಸಿತ್ತು. ಶಾಲೆಯಲ್ಲಿ ನಮಗೆ ಕಲಿಸಿದ್ದು ಒಂದೇ ಪದ, ಹೋಮ್. ಇಟ್ಟಿಗೆಯದು ಹೌಸ್, ಮನಸ್ಸಿನದು ಹೋಮ್ ಎಂದು ಟೀಚರ್ ಹೇಳುತ್ತಿದ್ದರು. ನನ್ನ ಹೋಮ್ ಇನ್ನು ಅವನದೂ ಹೋಮ್ ತಾನೇ? ಹಬ್ಬದವರೆಗೆ ಕಾಯುವುದೇಕೆಂದು ಕಳೆದ ವಾರವೇ ಅವನನ್ನು ನನ್ನ ತವರಿಗೆ ಕರೆದುಕೊಂಡು ಹೋದೆ. ಬಾಗಿಲಿಗೆ ‘ವೆಲ್ಕಮ್ ಹೋಮ್’ ಎಂದು ಬಣ್ಣದಲ್ಲಿ ಬರೆದೆ. ಮನೆಯವರು ಏನೂ ಕಡಿಮೆ ಮಾಡಲಿಲ್ಲ. ಕಾಲಿಗೆ ನೀರು ಕೊಟ್ಟರು, ಹೊಸ ಜಮಖಾನೆ ಹಾಸಿದರು, ಹೋಳಿಗೆಯ ಮೇಲೆ ತುಪ್ಪ ಸುರಿದರು. ಅವನು ಎದ್ದಾಗಲೆಲ್ಲ ಅಪ್ಪನೂ ಎದ್ದು ನಿಂತರು. ಪಾಪ, ಉಮಾಕಾಂತ ಎರಡು ದಿನವೂ ಬೆನ್ನು ನೆಟ್ಟಗಿಟ್ಟುಕೊಂಡೇ ಉಂಡ. ಹೊರಡುವಾಗ ನಾನು ಅವನ ಶಾಲು ಬಿಡಿಸಿ ಹಿಡಿದೆ. ಯಾರೂ ಅಕ್ಕಿ ಹಾಕಲಿಲ್ಲ, ಅಳಿಯನಿಗೆ ಕೊಡುವ ಉಡುಗೊರೆಯೆಂದು ಧೋತರ ಜೋಡಿಯೊಂದನ್ನು ಆಹೇರಿ ಮಾಡಿದರು. ಒಳಗೆ ಹೋಗಿ ನಮ್ಮ ಆಯಿಯೊಡನೆ, ಅಂದರೆ ನನ್ನ ಅಜ್ಜಿಯೊಡನೆ, ಜಗಳಕ್ಕೇ ನಿಂತೆ.

“ಅಳ್ಯಾಗ ಯಾರರ ಉಡಿ ತುಂಬತಾರೇನ ಹುಚ್ಚಿ? ಇದು ಅವಂಗ ಮಾವನ ಮನಿ” ಎಂದಳು ಆಯಿ. “ಎರಡ ದಿನದಾಗ ಅವಂಗ ಇಲ್ಲಿ ಯಾರರ ಬೈದರೇನ?”

“ಯಾಕ ಬೈಬೇಕು? ಅವ ಏನ್ ತಪ್ಪ ಮಾಡ್ಯಾನ?”

“ತಪ್ಪ ಮಾಡಿದ್ರ ಎಲ್ಲಾರೂ ಬೈತಾರ. ‘ಈಗ ನೆನಪಾತೇನ, ಎಷ್ಟ ಸೊರಗೀದಿ’ ಅಂತ ಸುಮ್ಮ ಸುಮ್ಮನ ಬೈಯಾಕಿ ಇದ್ದ ಜಾಗಾ ತವರು. ನಿನ್ನ ಇಂಗ್ಲಿಷ್ನ್ಯಾಗ ಅದಕ್ಕೇನಂತೀರಿ?”

ಅಜ್ಜೀ, ಹೋಮ್ ಎಂಬುದು ದೊಡ್ಡ ಚಾದರ, ಎಲ್ಲರನ್ನೂ ಬೆಚ್ಚಗೆ ಹೊದಿಸುತ್ತದೆ. ಒಳಗೆ ಯಾರು ಯಾರ ಪಕ್ಕ ಮಲಗಿದ್ದಾರೆ ಎಂದು ಮಾತ್ರ ಹೇಳುವುದಿಲ್ಲ. ಮಳೆ ತಡೆಯುವುದು ಸೂರು. ಎದ್ದು ಹೋಗುವವರೆಗಿನದು ಬಿಡಾರ. ಒಲೆ ಹಚ್ಚಿ ದಿನ ಕಳೆದರೆ ಮನೆ. ಉಮಾಕಾಂತನ ಡಬ್ಬಿ ಇವೆಲ್ಲವೂ ಆಗಿತ್ತು. ತವರು ಆಗಬೇಕಾದರೆ ಬಿಟ್ಟು ಬಂದ ಜಾಗವೊಂದು ಬಿಟ್ಟಲ್ಲೇ ಇರಬೇಕು, ಅವನು ಬಿಟ್ಟದ್ದು ಹಳಿ ಕೆಟ್ಟಲ್ಲಿಗೆಲ್ಲ ಚಲಿಸುತ್ತದೆ. ನಿಮ್ಮ ಕಡೆ ಇದಕ್ಕೆ ಅಪ್ಪನ ಮನೆ ಎನ್ನುತ್ತಾರಂತೆ. ಆ ಮಾತಿನಲ್ಲೂ ಜಾಗಕ್ಕಿಂತ ಮೊದಲು ಒಬ್ಬ ಮನುಷ್ಯ ಇದ್ದಾನೆ. ಹಾಗಂತ ಇಂಗ್ಲಿಷನ್ನು ಹಗುರ ಮಾಡಲಾರೆ. ಹೋಮ್‌ಸಿಕ್ ಎಂಬ ಪದವನ್ನು ಅದೇ ಕೊಟ್ಟಿತು. ಕಾಣದ ಊರಿಗಾಗಿ ಹಂಬಲಿಸುವ ನನ್ನ ಗಂಡನ ಮುಖಕ್ಕೆ ಅದಕ್ಕಿಂತ ಹತ್ತಿರದ ಮಾತು ನನಗಿನ್ನೂ ಸಿಕ್ಕಿಲ್ಲ.

ಅತ್ತೂ ಕರೆದೂ ಆದ ಮೇಲೆ, ತವರಿಗೆ ಮನೆಯೇ ಇರಬೇಕೆ ಎಂದು ಆಯಿಯನ್ನು ಕೇಳಿದೆ. “ಗ್ವಾಡಿ ಇಲ್ಲದಿದ್ರೂ ನಡೀತದ. ಅವರ ಮಂದ್ಯಾಗಿನ ಒಬ್ಬಾಕಿ ಅಲ್ಲಿ ಕಾದು ನಿಂತಿರಬೇಕು” ಎಂದಳು. ನೇರವಾಗಿ ಗಾಡಿಮನೆಗೆ ಓಡಿ ನನ್ನ ಅತ್ತೆಯನ್ನು ವಿಚಾರಿಸಿದೆ. ಕಾದು ನಿಂತವರು ಎಂದೊಡನೆ ಅವರ ಬಾಯಿಂದ ಬಂದದ್ದು ನಿಮ್ಮ ಹೆಸರು. ಮೀನು ಮಾರಿ ಮುಗಿಸಿ, ಸಾರಿನ ಡಬ್ಬಿ ಹಿಡಿದು ನೀವು ಅಂಕೋಲೆಯ ಸ್ಟೇಷನ್ನಿಗೆ ಹೋಗುತ್ತಿದ್ದಿರಂತೆ. ನಿಮ್ಮವರು ಯಾರೇ ರೈಲಿನಿಂದ ಇಳಿದರೂ, “ಈಗ ಬಂದ್ಯಾ ತಮಾ? ದಾರಿ ಮರ್ತೇ ಹೋಗಿತ್ತಾ ನಿಂಗೆ?” ಎಂದು ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ ಬೈಯುತ್ತಿದ್ದಿರಂತೆ. ನಿಮ್ಮ ಮನೆ ನೀರಿನಡಿ ಹೋದರೂ ಸ್ಟೇಷನ್ ಎತ್ತರದಲ್ಲಿದೆ, ಅದು ಉಳಿದಿದೆ.

ಆದ್ದರಿಂದ ನನ್ನದೊಂದು ಬೇಡಿಕೆ. ನಿಮ್ಮ ಕಾಲದಲ್ಲಿ ಬರುವ ಪಂಚಮಿಯ ಹಿಂದಿನ ದಿನ, ನಿಮ್ಮವರು ಯಾರೂ ಬರುವುದಿಲ್ಲವಾದರೂ ಒಮ್ಮೆ ಸ್ಟೇಷನ್ನಿಗೆ ಹೋಗಿ, ಹಳಿಯ ಕಡೆ ಮುಖ ಮಾಡಿ ನನ್ನ ಉಮಾಕಾಂತನನ್ನು ಬೈದುಬಿಡಿ. ನೋಡಿದವರು ನಕ್ಕರೆ ನಗಲಿ. ಅಕ್ಕಿ, ಕಾಯಿ ಹಿಡಿದು ಅತ್ತೆ ನಮ್ಮ ಜೊತೆ ಬರುತ್ತಾರೆ, ಶಾಲು ನಾನು ತರುತ್ತೇನೆ. ಬೈಯುವುದಕ್ಕೆ ಮಾತ್ರ ನಿಮ್ಮನ್ನು ಬಿಟ್ಟರೆ ಯಾರಿಲ್ಲ. ನನ್ನ ತವರಿನ ಜೋಕಾಲಿ ಈ ವರ್ಷ ತಪ್ಪಿದರೂ ಚಿಂತೆಯಿಲ್ಲ. ಉಮಾಕಾಂತನಿಗೆ ಇನ್ನೂ ಹೇಳಿಲ್ಲ, ಅಂಗಿಯನ್ನು ಮಾತ್ರ ಮತ್ತೆ ಚೀಲಕ್ಕೆ ಹಾಕಿಟ್ಟಿದ್ದೇನೆ.

ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬರುತ್ತದೆ, ಬರುತ್ತದೆ ಎಂದು ನಿಮ್ಮ ಕಾಲದಲ್ಲಿ ಹೇಳುತ್ತಲೇ ಇದ್ದರಂತೆ. ಬಂದಿದೆ ಅಜ್ಜೀ! ನಮ್ಮ ಪಂಚಮಿಯ ಹಿಂದಿನ ದಿನ, ಶುಕ್ರವಾರ, ಬೆಳಗಿನ ಹುಬ್ಬಳ್ಳಿ–ಅಂಕೋಲಾ ಪ್ಯಾಸೆಂಜರಿನಲ್ಲಿ ನಾವು ಬಂದಿಳಿಯುತ್ತೇವೆ.