ಜಿನಮತಿಬಾಯಿಯ ನಾಲ್ಕು ನಿಮಿಷ

ಮಾರ್ಚ್ ೪, ಮಂಗಳವಾರ. ಶೇಡಬಾಳ
ಇವತ್ತು ಮೂರನೇ ಮನೆ. ಕಣ್ಣು ಕಾಣದವರ, ಅಕ್ಷರ ಹಿಡಿಯದವರ ಬದುಕನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಲು ಸಂಸ್ಥೆ ನನ್ನನ್ನು ಊರೂರು ಓಡಿಸುತ್ತಿದೆ. ಎರಡು ಕಡೆ ಬಾಗಿಲಲ್ಲೇ ಬೈಗುಳ. ಮೂರನೆಯವರು ಜಿನಮತಿಬಾಯಿ, ಅರವತ್ತೊಂದು. ಆರನೇ ವರ್ಷಕ್ಕೆ ಸಿಡುಬಿನಲ್ಲಿ ಕಣ್ಣು ಹೋಗಿದೆ. ಒಡಹುಟ್ಟಿದ ತಮ್ಮ ಬಾಪುಸಾಹೇಬರ ಮನೆಯಲ್ಲಿದ್ದಾರೆ. ಒಪ್ಪಿಗೆ ಫಾರ್ಮ್ ಮುಂದಿಟ್ಟು "ಹೆಬ್ಬೆಟ್ಟು ಒತ್ರಿ" ಅಂದೆ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.
"ಮೊದಲ ಓದು."
"ಉದ್ದ ಐತ್ರಿ."
"ಉದ್ದ ಐತಿ ಅಂತನ ಓದು."
ಹಲ್ಲು ಕಚ್ಚಿಕೊಂಡು ಓದಿದೆ. ಎರಡು ಪುಟ. ಕೊನೆಗೆ — "ಇವತ್ತ ಬ್ಯಾಡ. ಗುರುವಾರ ಬಾ. ಬಾಪೂ ಮನ್ಯಾಗ ಇರೂದಿಲ್ಲ."
ಸೊಕ್ಕಿನ ಮುದುಕಿ.

ಮಾರ್ಚ್ ೬, ಗುರುವಾರ
ಮಾತಾಡಿದರು. ಶಾಲೆಗೆ ಕಳಿಸದ್ದು, ಬಸ್ಸಿನಲ್ಲಿ ಪಟ್ಟ ಪಾಡು, ಬ್ರೈಲ್ ಕಲಿಯದೇ ಹೋದದ್ದು, ಆಮೇಲೆ ತೋಟ. ಅಪ್ಪ ಎರಡು ಎಕರೆ ದ್ರಾಕ್ಷಿ ತೋಟ ಆಕೆಯ ಹೆಸರಿಗೆ ಬರೆದಿದ್ದರಂತೆ. ೨೦೦೯ರಲ್ಲಿ ಈ ತಮ್ಮನೇ "ಪಿಂಚಣಿ ಕಾಗದ" ಎಂದು ಕರೆದೊಯ್ದು ಹೆಬ್ಬೆಟ್ಟು ಒತ್ತಿಸಿದ.
"ಪಿಂಚಣಿ ಬರಲಿಲ್ಲೇನ್ರಿ?"
"ಬಂತಲ್ಲ. ಅದಕ್ಕ ಎಂಟ್ ವರ್ಷ ತಿಳೀಲಿಲ್ಲ. ದ್ರಾಕ್ಷಿ ಕೊಯ್ಯಾಕ ಬಂದ ಹೆಂಗಸರು 'ಬಾಪುಸಾಹೇಬರ ತೋಟ' ಅಂದ್ರು. ಕೇಳಿದ್ರ ಅವ ನಕ್ಕ. 'ಅಕ್ಕಾ, ನೀ ಏನ ತೋಟ ನೋಡಾಕಿ?' ಅಂದ."

ಮಾರ್ಚ್ ೭
ಸಂಸ್ಥೆಯ ಕೋಆರ್ಡಿನೇಟರ್ ವಿಕ್ರಾಂತನ ಫೋನ್. ಆಕೆ ಹೇಳಿದ್ದನ್ನೆಲ್ಲ ತಿಳಿಸಿದೆ. "ಹೊಲದ ಜಗಳ ನಮಗ್ಯಾಕ ಶೈಲಾ? ಸಾಲಿ, ಬಸ್ಸು, ಬ್ರೈಲ್ — ಅಷ್ಟ ಇಡು. ಉಳಿದದ್ದು ಕಟ್ ಮಾಡು."
ಅವನನ್ನು ಬೈದುಕೊಳ್ಳುತ್ತಲೇ ಕಟ್ ಮಾಡಿದೆ. ನಾಲ್ಕು ನಿಮಿಷ. ಜೋಡಿಸಿದ್ದು ಗೊತ್ತೇ ಆಗುವುದಿಲ್ಲ.

ಮಾರ್ಚ್ ೧೧, ಸಂಜೆ
ಆ ನಾಲ್ಕು ನಿಮಿಷವನ್ನು ಜಿನಮತಿಬಾಯಿಗೆ ಕೇಳಿಸಿದೆ. ಮಧ್ಯದಲ್ಲಿ ಕೈ ಎತ್ತಿದರು.
"ನಿಂದರಸು. ಇಲ್ಲಿ ನನ್ನ ಉಸಿರ ಇಲ್ಲ. ಏನ ತಗದಿ?"
"ತೋಟದ ಮಾತು ತಗದೀನ್ರಿ."
"ಅವ ಕಾಗದದಾಗ ಮಾಡಿದ. ನೀ ನನ್ನ ಬಾಯಾಗ ಮಾಡಿದಿ."
ಫೋನಿನಲ್ಲಿ ಪೂರ್ತಿ ರೆಕಾರ್ಡಿಂಗ್ ಹಚ್ಚಿದೆ, ಸೌಂಡ್ ಏರಿಸಿ. ಒಳಗಿನಿಂದ ಬಾಪುಸಾಹೇಬ ಬಂದರು. "ಬಂದ್ ಮಾಡಬೇ ಅದನ್ನ!" ಫೋನ್ ಕಸಿದು ಅಂಗಳದ ಕಲ್ಲಿಗೆ ಬಡಿದರು. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪ್ರತಿ ಇದೆ. ಹೇಳಲಿಲ್ಲ.
ಜಿನಮತಿಬಾಯಿ ಅತ್ತ ಮುಖ ತಿರುಗಿಸಲೂ ಇಲ್ಲ. ಉಗುರು ನಾಟುವಂತೆ ನನ್ನ ರಟ್ಟೆ ಹಿಡಿದರು. "ಆ ಕಾಗದದ ನಕಲ ಸಿಗತೈತೇನ? ಇವತ್ತಿನ ತನಕ ನನಗ ಯಾರೂ ಓದಿ ಹೇಳಿಲ್ಲ."

ಮಾರ್ಚ್ ೧೨
ಪೂರ್ತಿ ಫೈಲ್ ಆಫೀಸಿಗೆ ಕಳಿಸಿದೆ. ವಿಕ್ರಾಂತನ ಉತ್ತರ ಒಂದೇ ಸಾಲು — "ನಾಳಿಂದ ಬರಬ್ಯಾಡ."

ಮಾರ್ಚ್ ೨೭, ಗುರುವಾರ. ಅಥಣಿ
ಉಪನೋಂದಣಿ ಕಚೇರಿಯಲ್ಲಿ ಆ ಕಾಗದದ ನಕಲು ಸಿಕ್ಕಿತು. ತೋಟವನ್ನು ತಮ್ಮನಿಗೆ ಕೊಟ್ಟ ದಾನಪತ್ರವಂತೆ. ಹೊರಗೆ ಕಟ್ಟೆಯ ಮೇಲೆ ನಾನೂ ಜಿನಮತಿಬಾಯಿಯೂ ಕುಳಿತೆವು. ನನ್ನ ಮೇಲೆ ಆಕೆಗೆ ಇನ್ನೂ ಸಿಟ್ಟು.
"ಒಂದ ಶಬ್ದ ಬಿಟ್ಟರೂ ನನಗ ತಿಳೀತೈತಿ. ಓದು."
ಹೆಸರು, ಸರ್ವೆ ನಂಬರ್, ನಾಲ್ಕು ದಿಕ್ಕಿನ ಗಡಿ... ಎಲ್ಲ ಓದಿದೆ. ಕೊನೆಯ ಪುಟ. "ಸದರಿ ಪತ್ರವನ್ನು ಓದಿಸಿ ಕೇಳಿ, ತಿಳಿದುಕೊಂಡು, ಸ್ವಖುಷಿಯಿಂದ ಹೆಬ್ಬೆಟ್ಟು ಒತ್ತಿ —"
"ಏನಂದಿ? ನನಗ ಓದಿ ಹೇಳಿದ್ರಂತೇನ? ಮತ್ತೊಮ್ಮೆ."
"ಓದಿಸಿ ಕೇಳಿ, ತಿಳಿದುಕೊಂಡು —"
"ಮತ್ತೊಮ್ಮೆ."
"ಓದಿಸಿ —"