ಸಮುದ್ರವನ್ನು ನಿಧಾನವಾಗಿ ಸೋಸಲು ಬಿಡಿ

ಕಡಲ ಪ್ರಯೋಗಾಲಯದ ಮಾನ್ಯ ಆಡಳಿತಾಧಿಕಾರಿಗಳೇ,

ತಾವು ಒಂದು ಪಂಪಿನ ಗುಂಡಿ ತಿರುಗಿಸಿ ನನ್ನ ಹೆಂಡತಿಯ ಮೂರು ವರ್ಷದ ಕೆಲಸಕ್ಕೆ ಎಳ್ಳುನೀರು ಬಿಡುತ್ತಿದ್ದೀರಿ. ಆಕೆ ತಮ್ಮೆದುರು ತಲೆಯಾಡಿಸಿ, ಉಳಿದ ಮಾತನ್ನೆಲ್ಲ ಮನೆಗೆ ತಂದು ನನ್ನೆದುರು ಆಡುವುದರಿಂದ ಈ ಪತ್ರ ನಾನೇ ಬರೆಯಬೇಕಾಯಿತು.

ಅವಳ ಕೆಲಸವೇನೆಂದು ತಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲವೆನ್ನುವುದಕ್ಕೆ ತಮ್ಮ ಆದೇಶವೇ ಸಾಕ್ಷಿ. ಸಮುದ್ರದ ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಆಹಾರವನ್ನು ಚೂರು ಮಾಡಿಕೊಳ್ಳಲು ಕಿಣ್ವಗಳನ್ನು ಬಳಸುತ್ತವೆ. ಆ ಕಿಣ್ವದಲ್ಲಿ ಎಷ್ಟು ಪಾಲು ಜೀವಿಗಳ ಮೈಯಲ್ಲೇ ಇದೆ, ಎಷ್ಟು ಪಾಲು ನೀರಿನಲ್ಲಿ ಬಿಡಿಯಾಗಿ ಅಲೆಯುತ್ತಿದೆ ಎಂದು ತಿಳಿಯಲು ಅವಳು ಪ್ರತಿ ತಿಂಗಳೂ ನೀರನ್ನು ಅತಿ ಸಣ್ಣ ರಂಧ್ರಗಳ ಹಾಳೆಯಲ್ಲಿ ಸೋಸುತ್ತಾಳೆ. ಜೀವಿಗಳು ಮೇಲೆ ಉಳಿಯುತ್ತವೆ, ಬಿಡಿ ಕಿಣ್ವ ಕೆಳಗಿಳಿಯುತ್ತದೆ. ಸೋಸುವ ಮುಂಚೆ ಒಂದು ಅಳತೆ, ಸೋಸಿದ ಮೇಲೆ ಇನ್ನೊಂದು. ಪಂಪು ಮೆಲ್ಲಗೆ ಎಳೆಯಬೇಕು. ಲೀಟರಿಗೆ ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆ ತಮ್ಮ ಕಣ್ಣಿಗೆ ಬಿತ್ತು. ಎರಡು ತಿಂಗಳ ಹಿಂದೆ ತಪಾಸಣೆಗೆ ಬಂದ ತಾವು, ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಅವಳನ್ನು ಕಂಡು, "ಏನಮ್ಮಾ, ನೀರು ಇಳಿಯೋದನ್ನ ನೋಡ್ತಾ ಕೂರೋದೂ ಒಂದು ಕೆಲಸಾನಾ?" ಎಂದಿರಂತೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಗುಂಡಿಯನ್ನು ಕೊನೆಮುಟ್ಟ ತಿರುಗಿಸಿ, ಇನ್ನು ಹೀಗೇ ನಡೆಯಲಿ ಎಂದು ಲಿಖಿತ ಆದೇಶವನ್ನೂ ಹೊರಡಿಸಿದಿರಿ. ಲೀಟರು ಆರೇ ನಿಮಿಷಕ್ಕೆ ಇಳಿಯಿತು. ಪಾಪದ ಜೀವಿಗಳು ಆ ಎಳೆತಕ್ಕೆ ಒಡೆದು, ಒಳಗಿದ್ದದ್ದನ್ನೆಲ್ಲ ಕೆಳಗಿನ ಬಾಟಲಿಗೆ ಕಕ್ಕಿದವು. ಬಿಡಿ ಕಿಣ್ವ ಮೂರು ಪಟ್ಟಾಯಿತು.

ಅದಕ್ಕೆ ತಾವು ಕಳಿಸಿದ್ದೇನು? ಅಭಿನಂದನಾ ಪತ್ರ. ಹೊಸ ಆಡಳಿತದಲ್ಲಿ ಕಿಣ್ವದ ಉತ್ಪಾದನೆ ಮೂರು ಪಟ್ಟು ಏರಿದೆಯಂತೆ. ಸಮುದ್ರಕ್ಕೂ ತಮ್ಮ ಭಯ ಹುಟ್ಟಿತೇ? ವಿಜ್ಞಾನ ಓದದ ನಮ್ಮ ಅತ್ತೆಯವರು ಪತ್ರ ನೋಡಿ, "ಹಣ್ಣನ್ನ ಮುಷ್ಟೀಲಿ ಹಿಸುಕಿ, ಎಷ್ಟು ಬೆವರ್ತಿದೆ ನೋಡಿ ಅಂದ ಹಾಗಾಯ್ತಲ್ಲ ಅಳಿಯಂದಿರೇ" ಎಂದರು.

ಈಗ ವಾರ್ಷಿಕ ವರದಿಗೆ ಅವಳ ಸಹಿ ಬೇಕು, ಅವಳು ಹಾಕುತ್ತಿಲ್ಲ. ಹಾಕಿದರೆ, ಕಡಲಿಗೇ ಏನೋ ಆಗಿತ್ತೆಂದು ಮುಂದೆ ಓದುವವರು ನಂಬುತ್ತಾರೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಬುಧವಾರ ಮುಂದಿನ ನೀರು ಬರುವುದರೊಳಗೆ ಆದೇಶ ಹಿಂಪಡೆಯಿರಿ, ಹಾಳಾದ ಎರಡು ತಿಂಗಳ ಅಂಕಿಗಳನ್ನು ಹೊಡೆದುಹಾಕಲು ಬಿಡಿ. ಹೊಡೆದುಹಾಕಿದ್ದಕ್ಕೆ ಕಾರಣ ಬರೆಯಲು ದಾಖಲೆಯಲ್ಲೊಂದು ಅಂಕಣವಿದೆ. ಪಂಪು ಕೆಟ್ಟಿತ್ತು ಅಂತ ಬರೆದುಬಿಡು, ದೊಡ್ಡವರ ಮಾನ ಉಳಿಯಲಿ ಎಂದು ನಾನು ಅವಳಿಗೆ ಸಲಹೆ ಕೊಟ್ಟೆ.

"ಪಂಪು ಏನ್ರೀ ತಪ್ಪು ಮಾಡಿತ್ತು?" ಎಂದಳು.

ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಅಂಕಣ ಬಹಳ ಕಿರಿದು. ಆದರೂ ತಮ್ಮ ಹುದ್ದೆಯ ಹೆಸರು ಅದರಲ್ಲಿ ಸರಿಯಾಗಿ ಹಿಡಿಸುತ್ತದೆ.

ಇಂತಿ,
ತಮ್ಮ ಪಾಲಿನ ಬೈಗುಳವನ್ನು ಎರಡು ತಿಂಗಳಿಂದ ತಮ್ಮ ಪರವಾಗಿ ಸ್ವೀಕರಿಸುತ್ತಿರುವ
ಒಬ್ಬ ಗಂಡ